ಹುಲ್ಲು ಕಟ್ಟುವ ಮುಂಚೆ ಗೆಣ್ಣು ಒತ್ತಿ ನೋಡಿ

ಬನವಾಸಿ ಕಡೆ ಭತ್ತದ ಕೊಯ್ಲು ಶುರುವಾದರೆ ನಮ್ಮ ಬೇಲರ್‌ಗೆ, ಅಂದರೆ ಹುಲ್ಲು ಒತ್ತಿ ರೋಲ್ ಕಟ್ಟುವ ಮಷಿನ್‌ಗೆ, ಪುರುಸೊತ್ತಿಲ್ಲ. ಬೆಳಿಗ್ಗೆ ಏಳಕ್ಕೇ ಫೋನು. "ತಮಾ, ಹುಲ್ಲು ಗರಿಗರಿ ಒಣಗಿದೆ, ಬೇಗ ಬಂದು ರೋಲ್ ಮಾಡಿಕೊಡು." ಹತ್ತೂವರೆ, ಹನ್ನೊಂದರ ತನಕ ನಾನು ಟ್ರ್ಯಾಕ್ಟರನ್ನು ಗದ್ದೆಗೆ ಇಳಿಸುವುದಿಲ್ಲ. ರೋಲ್ ಲೆಕ್ಕದಲ್ಲಿ ದುಡ್ಡು ಸಿಗುವ ಕೆಲಸ, ಕಾಯುತ್ತಾ ಕೂತರೆ ನನಗೇ ನಷ್ಟ. ಆದರೆ ಇಬ್ಬನಿ ಆರದೆ ಕಟ್ಟಿದ ಹುಲ್ಲು ಕೊಟ್ಟಿಗೆಯಲ್ಲಿ ಕೊಳೆತರೆ ಬೈಗುಳ ಯಾರಿಗೆ ಹೇಳಿ?

ಇಬ್ಬನಿಯಾದರೂ ಕಣ್ಣಿಗೆ ಕಾಣುತ್ತದೆ. ಮೋಸ ಮಾಡುವುದು ಕಾಂಡದೊಳಗಿನ ನೀರು. ಹಿಂದೆ ಕೈಯಲ್ಲಿ ಕೊಯ್ದು, ಗದ್ದೆಯಲ್ಲೇ ಒಣಗಿಸಿ, ಆಮೇಲೆ ಬಡಿಯುತ್ತಿದ್ದರು. ಕುತ್ರಿ (ಬಣವೆ) ಸೇರುವಷ್ಟರಲ್ಲಿ ಹುಲ್ಲು ತಾನಾಗೇ ಒಣಗಿರುತ್ತಿತ್ತು. ಈಗ ಕಟಾವು ಮಷಿನ್ ನಿಂತ ಪೈರನ್ನೇ ಕೊಯ್ದು, ಭತ್ತ ಬೇರೆ ಮಾಡಿ, ಹುಲ್ಲನ್ನು ಹಿಂದೆ ಸಾಲಾಗಿ ಸುರಿದು ಹೋಗುತ್ತದೆ. ಕಾಳು ಬಲಿತಿದ್ದರೂ ಕಾಂಡ ಇನ್ನೂ ಹಸಿ. ಎರಡು ಬಿಸಿಲಿಗೆ ಸಾಲಿನ ಮೇಲ್ಭಾಗ ಹಳದಿಗೆ ತಿರುಗುತ್ತದೆ. ಅಡಿಯಲ್ಲಿ ಗದ್ದೆಯ ತೇವ ಹಾಗೇ ಇರುತ್ತದೆ.

ಅದಕ್ಕೇ ನಾನು ಮೊದಲು ಸಾಲು ಮಗುಚಿ ಅಡಿಯ ಹುಲ್ಲು ಹಿಡಿಯುತ್ತೇನೆ. ತಿರುಚಿದರೆ ಪಟಪಟ ಮುರಿಯಬೇಕು. ಬಳುಕಿದರೆ ಇನ್ನೊಂದು ಬಿಸಿಲು ಬೇಕು. ಗೆಣ್ಣನ್ನು, ಅಂದರೆ ಕಾಂಡದ ಗಂಟನ್ನು, ಉಗುರಿನಲ್ಲಿ ಒತ್ತಿ ತೇವ ಇದೆಯಾ ನೋಡುತ್ತೇನೆ. ಎಲೆ ಒಣಗಿ ಎಷ್ಟೋ ಹೊತ್ತಿನ ಮೇಲೆ ಗೆಣ್ಣು ಒಣಗುವುದು. ಅನುಮಾನ ಬಂದರೆ ಉಪ್ಪಿನ ಪರೀಕ್ಷೆ ಇದೆ. ಒಣ ಗಾಜಿನ ಬಾಟಲಿಗೆ ಕತ್ತರಿಸಿದ ಹುಲ್ಲು, ಒಂದು ಚಮಚ ಪುಡಿ ಉಪ್ಪು ಹಾಕಿ ಎರಡು ಮೂರು ನಿಮಿಷ ಕುಲುಕಿ. ಉಪ್ಪು ಉಂಡೆ ಕಟ್ಟಿದರೆ ಆವತ್ತು ಕಟ್ಟಬೇಡಿ. ನಮ್ಮ ಕಡೆ ಉಪ್ಪೇ ಸದಾ ಒದ್ದೆ, ಅದನ್ನು ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಬೇಕು ಅನ್ನಿ.

ತೇವ ಶೇ 15ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಶೇ 20 ದಾಟಿದರೆ ಬೂಷ್ಟು ಬಂತು ಅಂತಲೇ ಲೆಕ್ಕ. 20 ಕೆಜಿ ರೋಲ್‌ನಲ್ಲಿ ಶೇ 25 ತೇವ ಅಂದರೆ 5 ಕೆಜಿ ಬರೀ ನೀರು. ತೂಕದ ಮೇಲೆ ಕೊಳ್ಳುವವರು ಸ್ವಲ್ಪ ಯೋಚಿಸಿ.

ಹಸಿ ಹುಲ್ಲು ಒತ್ತಿ ಕಟ್ಟಿದರೆ ಒಳಗೇ ಬಿಸಿ ಏರುತ್ತದೆ. ಪೇರಿಸಿದ ಮೇಲೆ ಮೊದಲ ಎರಡು ಮೂರು ವಾರ ನಡುವೆ ಕಬ್ಬಿಣದ ಸರಳು ಚುಚ್ಚಿಟ್ಟು, ಆಗಾಗ ಎಳೆದು ಮುಟ್ಟಿ ನೋಡಿ. ಬೆಚ್ಚಗೆ ಅನ್ನಿಸಿದರೆ ರೋಲ್ ಬಿಡಿಸಿ ಹರವಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮಾತ್ರ ಎಳೆದಾಡಬೇಡಿ. ಗಾಳಿ ಸಿಕ್ಕ ಕೂಡಲೇ ಹೊತ್ತಿಕೊಳ್ಳಬಹುದು. ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ದನಕ್ಕೆ ಕೊಟ್ಟರಾಯಿತು ಅನ್ನುವವರು ಜಾಸ್ತಿ. ಬಿಸಿಲಿಗೆ ಬೂಷ್ಟು ಉದುರಬಹುದು, ವಿಷ ಹುಲ್ಲಲ್ಲೇ ಉಳಿದಿರಬಹುದು. ಕೆಲವು ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಸುಮ್ನೆ ಗೊಬ್ಬರಗುಂಡಿಗೆ ಹಾಕಿ. ಆ ಧೂಳು ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ದೇವಿಮನೆ ಘಟ್ಟ ಇಳಿದು ಕರಾವಳಿಯ ಕುಮಟಾ ಕಡೆ ಹೋಗುವ ರೋಲ್‌ಗಳಿಗೆ ಇನ್ನೊಂದು ತೊಂದರೆ. ಅಲ್ಲಿ ಗಾಳಿಯೇ ಒದ್ದೆ, ಒಣಗಿದ ಹುಲ್ಲೂ ತೇವ ಹೀರುತ್ತದೆ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿ ಅದರ ಮೇಲೆ ಪೇರಿಸಿ, ಗೋಡೆಯಿಂದ ಒಂದಡಿ ಬಿಡಿ. ತಾಡಪತ್ರಿ ಮೇಲೆ ಮಾತ್ರ ಹೊದಿಸಿ. ಸುತ್ತ ಬಿಗಿದರೆ ಹುಲ್ಲು ಒಳಗೇ ಬೆವರುತ್ತದೆ.