ಬಾಗಿಲು ಮುಚ್ಚಿದ ಮೇಲೆ

ನಮ್ಮ ನೆರೆಮನೆಯ ಹಿರಿಯರು ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರಿಗೆ 20 ಬಾರಿ ರೇಡಿಯೋಥೆರಪಿ, ಅಂದರೆ ವಿಕಿರಣ ಚಿಕಿತ್ಸೆ, ಪಡೆದು ಗುಣವಾದವರು. ಹೀಗೆ ಚಿಕಿತ್ಸೆ ಪಡೆದವರನ್ನು ತರಗತಿಗೆ ಕರೆಸಿ ವಿದ್ಯಾರ್ಥಿಗಳೊಡನೆ ಮಾತನಾಡಿಸುವ ಒಳ್ಳೆಯ ರೂಢಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿದೆ. ಹೋದ ತಿಂಗಳು ನಾನು ಪಾಠ ಮಾಡುವ ಕೋಣೆಗೆ ಬಂದ ಅವರು ತ್ರೀಡಿ ಕನ್ನಡಕ ಹಾಕಿಕೊಂಡು, ಗೋಡೆಯಗಲದ ಪರದೆಯ ಮೇಲೆ ನಿಜದ ಗಾತ್ರದಲ್ಲೇ ತಿರುಗುವ ಆ ಚಿಕಿತ್ಸೆಯ ಯಂತ್ರವನ್ನೂ ಅದರಡಿ ಮಲಗಿದ ರೋಗಿಯನ್ನೂ ಬಹಳ ಹೊತ್ತು ನೋಡಿ, "ನಿಮ್ಮವರೆಲ್ಲ ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಗುತ್ತಿತ್ತೆಂಬುದು ನನಗೆ ಇವತ್ತು ಗೊತ್ತಾಯಿತು" ಎಂದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ರೇಡಿಯೋಥೆರಪಿಯ ಕೋಣೆಯನ್ನೇ ಪರದೆಯ ಮೇಲೆ ಮೂಡಿಸಿ ಕಲಿಸುವ, ಇಂಗ್ಲೆಂಡಿನ ಹಲ್ ನಗರದಲ್ಲಿ ರೂಪುಗೊಂಡ ಈ ವ್ಯವಸ್ಥೆಗೆ ವರ್ಟ್ ಎಂದು ಹೆಸರು. ರೇಡಿಯೋಥೆರಪಿ ಕಲಿಯಲು ಸೇರಿದವರಲ್ಲಿ ಅನೇಕರು ನಡುವೆಯೇ ಬಿಟ್ಟುಹೋಗುತ್ತಿದ್ದ ಕಾಲದಲ್ಲಿ, 2007ರ ಆಸುಪಾಸಿನಲ್ಲಿ, ಸರ್ಕಾರವೇ ಹಣ ಕೊಟ್ಟು ಇದನ್ನು ಇಂಗ್ಲೆಂಡಿನ ಕಾಲೇಜುಗಳಿಗೆ ತಲುಪಿಸಿತು. ವಿದ್ಯಾರ್ಥಿಯ ಕೈಯಲ್ಲಿರುವುದು ಆಸ್ಪತ್ರೆಯಲ್ಲಿ ಬಳಸುವಂಥದೇ ನಿಯಂತ್ರಕ. ಅದರ ಗುಂಡಿ ಒತ್ತುತ್ತ, ರೋಗಿಯ ಚರ್ಮದ ಮೇಲಿನ ಸಾಸಿವೆಗಿಂತ ಸಣ್ಣ ಹಚ್ಚೆಯ ಚುಕ್ಕೆಗಳು ಲೇಸರ್ ಗೆರೆಗಳಿಗೆ ಕೂಡುವವರೆಗೆ ಮಂಚವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸಬೇಕು. ಆಮೇಲೆ ಚರ್ಮದ ಪದರವನ್ನು ಪಾರದರ್ಶಕವಾಗಿಸಿದರೆ ಮೂತ್ರಕೋಶ, ಪ್ರಾಸ್ಟೇಟ್, ಗುದನಾಳ ಒಂದಕ್ಕೊಂದು ಅಂಟಿಕೊಂಡಿರುವುದೂ, ಅವುಗಳ ಮೂಲಕ ಕಿರಣ ಹಾಯುವುದೂ ಕಾಣುತ್ತದೆ. ಮಂಚವನ್ನು ಬೇಕೆಂದೇ ಒಂದು ಸೆಂಟಿಮೀಟರ್ ತಪ್ಪಾಗಿ ಇಡಿಸಿದಾಗ ಗಡ್ಡೆಗೆ ಬೀಳಬೇಕಾದ ಕಿರಣದ ಡೋಸ್ ಗುದನಾಳದ ಮೇಲೆ ಹರಡುವುದನ್ನು ಕಂಡ ವಿದ್ಯಾರ್ಥಿಗೆ ನಿಖರತೆಯ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ಜೀವಂತ ರೋಗಿಯ ಮೇಲೆ ಹೀಗೆ ಕಲಿಸಲು ಯಾರಿಗೂ ಸಾಧ್ಯವಿಲ್ಲ, ಸಾಧ್ಯವಾಗಲೂಬಾರದು.

ಪಕ್ಕದ ಮನೆಯವರ ಮಾತು ಕೇಳಿದಾಗ ನನಗೆ ನೆನಪಾದವರು ಹಾವೇರಿಯ ಕಡೆಯ ನನ್ನ ಚಿಕ್ಕಮ್ಮ. ಗರ್ಭಕೊರಳಿನ ಕ್ಯಾನ್ಸರಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 'ಕರೆಂಟ್ ಕೊಡಿಸಿಕೊಳ್ಳಲು' (ರೇಡಿಯೋಥೆರಪಿಗೆ ನಮ್ಮ ಜನರ ಮಾತು) ಹೋದವರು, ಮೊದಲ ದಿನ ಶಾಕ್ ಹೊಡೆಯುತ್ತದೆಂದು ಹಲ್ಲು ಕಚ್ಚಿ ಮಲಗಿದ್ದರಂತೆ. ಅಲ್ಲಾಡಬೇಡಿ ಎಂದು ಹೇಳಿ ಎಲ್ಲರೂ ಹೊರಟುಹೋದರು. ಕ್ಯಾಮೆರಾದಲ್ಲಿ ತಮ್ಮನ್ನು ಅವರು ನೋಡುತ್ತಲೇ ಇದ್ದಾರೆಂದಾಗಲಿ, ಕೂಗಿದರೆ ಕೇಳಿಸುತ್ತದೆಂದಾಗಲಿ, ಕಿರಣ ಮೈಗೆ ತಾಗಿದ್ದೂ ತಿಳಿಯುವುದಿಲ್ಲವೆಂದಾಗಲಿ ಅವರಿಗೆ ಯಾರೂ ಹೇಳಿರಲಿಲ್ಲ. ಹೊರಗಿನ ಸಾಲನ್ನು ಕಣ್ಣಾರೆ ಕಂಡ ನಾನು ಅಲ್ಲಿನ ಸಿಬ್ಬಂದಿಯನ್ನು ದೂರಲಾರೆ. ಆದರೆ ವಿವರಿಸಿ ಹೇಳುವುದೂ ಚಿಕಿತ್ಸೆಯ ಭಾಗವೆಂದು ನಾವು ಎಣಿಸಿಲ್ಲವೆಂಬ ನೋವು ನನಗಿದೆ.

ಹಾಗೆಂದು ನಮ್ಮಲ್ಲಿ ಕೈಲಾಗದವರು ಯಾರೂ ಇಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ ವಿನ್ಯಾಸಗೊಳಿಸಿದ ಭಾಭಾಟ್ರಾನ್ ಎಂಬ, ಕೋಬಾಲ್ಟ್ ಸೂಸುವ ಕಿರಣದಿಂದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ಯಂತ್ರವನ್ನು ತಯಾರಿಸುತ್ತಿರುವುದು ಬೆಂಗಳೂರಿನ ಪ್ಯಾನೇಷಿಯಾ ಕಂಪನಿ. ಭಾರತ ಅದನ್ನು ವಿಯೆಟ್ನಾಮಿಗೂ ಕೊಡುಗೆಯಾಗಿ ಕಳಿಸಿದೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಯಂತ್ರವನ್ನೇ ಕಟ್ಟಬಲ್ಲ ಊರಿಗೆ ಅದರ ಚಿತ್ರ ಕಟ್ಟುವುದು ದೊಡ್ಡ ಮಾತಲ್ಲ. ಈಗ ಗೋಡೆಯಗಲದ ಪರದೆಯೂ ಬೇಡ, ತಲೆಗೆ ತೊಡುವ ಒಂದು ಹೆಡ್‌ಸೆಟ್ ಸಾಕು. ಹಗಲು ವಿದ್ಯಾರ್ಥಿಗಳು ಕಲಿಯುವ ಅದೇ ಸಾಧನವನ್ನು ಹೊಸದಾಗಿ ಬಂದ ರೋಗಿಗೂ ತೊಡಿಸಿ, ಕಲಬುರಗಿಯಿಂದ ಬಂದವರಿಗೆ ಕಲಬುರಗಿಯ ಮಾತಿನಲ್ಲೇ, "ಹೆದರಬ್ಯಾಡ್ರಿ, ನಾವು ಹೊರಗ ನಿಂತು ನಿಮ್ಮನ್ನ ನೋಡ್ತಿರ್ತೀವಿ" ಎಂದು ಮೊದಲೇ ಹೇಳಿ ಕಳಿಸಬಹುದು.