ಗಿಬ್, ರ‍್ಯಾಮ್, ಲ್ಯಾಪ್: ಜಾರುವ ಭಾಗಗಳ ಹಳೇ ಹೆಸರುಗಳು

14 ಸೆಪ್ಟೆಂಬರ್ 2024, ಶನಿವಾರ

ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಭಾಗಗಳ ಹೆಸರನ್ನು ನಿಘಂಟು ಹಿಡಿದು ಕನ್ನಡಕ್ಕೆ ತರಲು ಹೊರಟರೆ ಜೀನು, ಸೊಂಟದ ಬಟ್ಟೆ, ಪಾರಿವಾಳದ ಬಾಲ ಎಂದೆಲ್ಲ ಬಂದು ಕೂರುತ್ತವೆ. ನಗು ಬರುತ್ತದೆ, ಆದರೆ ಇಂಗ್ಲಿಷಿನಲ್ಲೂ ಅವು ಅವೇ. ಹೆಸರಿಟ್ಟ ಕುಶಲಿಗರು ಆಕಾರ ನೋಡಿ ಇಟ್ಟರು. ಸ್ಯಾಡಲ್ ಬೆಡ್ಡಿನ (ಲೇತಿನ ಉದ್ದನೆಯ ತಳಭಾಗದ) ಮೇಲೆ ಜೀನಿನಂತೆ ಕೂತಿರುತ್ತದೆ. ಏಪ್ರನ್ ಅದರ ಮುಂದೆ ಇಳಿಬಿದ್ದು ಟೂಲನ್ನು ಸರಿಸುವ ಫೀಡಿನ ಗಿಯರುಗಳನ್ನು ಮುಚ್ಚಿಕೊಳ್ಳುತ್ತದೆ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಕೆಳಗೆ ಕಾಣುವ ಡವ್‌ಟೇಲ್ ಹಕ್ಕಿಯ ಬಾಲದಂತೆ ಅಗಲವಾಗುತ್ತ ಹೋಗುತ್ತದೆ. ಸಾಮಾನ್ಯವಾಗಿ 55 ಅಥವಾ 60 ಡಿಗ್ರಿ ಓರೆ. ಆ ಓರೆಯಿಂದಲೇ ಸ್ಲೈಡು ಮೇಲಕ್ಕೆ ಏಳುವುದಿಲ್ಲ.

ಗಿಬ್ ಮಾತ್ರ ಆಕಾರದ ಗುಟ್ಟು ಬಿಟ್ಟುಕೊಡದ ಹೆಸರು. ಕೆಲವರ ಬಾಯಲ್ಲಿ ಅದು ಜಿಬ್. ಡವ್‌ಟೇಲಿನ ಎರಡೂ ಬದಿಯನ್ನು ಸಂದಿಲ್ಲದಂತೆ ಕಡೆದರೂ ನಾಲ್ಕು ದಿನಕ್ಕೆ ಸವೆಯುತ್ತದೆ. ಹಾಗಾಗಿ ಒಂದು ಬದಿಯನ್ನು ಬೇಕೆಂದೇ ಅಗಲ ಬಿಟ್ಟು, ಅಲ್ಲಿಗೆ ಕಬ್ಬಿಣದ ಪಟ್ಟಿಯೊಂದನ್ನು ತೂರಿಸುತ್ತಾರೆ. ಅದೇ ಗಿಬ್. ಸ್ಲೈಡು ಅಲುಗಾಡಿದರೆ ಪಟ್ಟಿಯನ್ನು ಒತ್ತಿದರಾಯಿತು.

ನೇರ ಗಿಬ್ಬಿಗೆ ಬದಿಯಿಂದ ಮೂರ್ನಾಲ್ಕು ಸ್ಕ್ರೂಗಳು, ಪ್ರತಿಯೊಂದಕ್ಕೂ ಲಾಕ್ ನಟ್. ಮೊದಲು ಹಳೇ ಎಣ್ಣೆ, ಚಿಪ್ಸು (ಲೋಹದ ಚೂರು) ಒರೆಸಿ. ಎಲ್ಲ ಲಾಕ್ ನಟ್ ಸಡಿಲಿಸಿ, ನಡುವಿನ ಸ್ಕ್ರೂನಿಂದ ಶುರುಮಾಡಿ ಹ್ಯಾಂಡಲ್ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಒಂದು ಸುತ್ತಿನ ಎಂಟನೇ ಒಂದು ಭಾಗ ಹಿಂದಕ್ಕೆ. M6 (6 ಮಿ.ಮೀ. ದಪ್ಪದ) ಸ್ಕ್ರೂನ ಪಿಚ್, ಒಂದು ಸುತ್ತಿಗೆ ಅದು ಸರಿಯುವ ದೂರ, 1 ಮಿ.ಮೀ.; ಅಂದರೆ ಹಿಂದೆ ಸರಿದದ್ದು 0.125 ಮಿ.ಮೀ. ನಟ್ ಬಿಗಿಯುವಾಗ ಸ್ಕ್ರೂ ತಲೆಯನ್ನು ಅಲುಗದಂತೆ ಹಿಡಿದಿರಬೇಕು, ಇಲ್ಲದಿದ್ದರೆ ನಟ್ಟಿನ ಜೊತೆ ಅದೂ ತಿರುಗಿ ಲೆಕ್ಕವೆಲ್ಲ ಹಾಳು. ಸ್ಕ್ರೂವಿನ ಮೂತಿ ಗಿಬ್ಬಿನ ಗುಳಿಯಲ್ಲಿ ಕೂತಿಲ್ಲದಿದ್ದರೆ ಪಟ್ಟಿ ಸ್ಲೈಡಿನ ಜೊತೆ ಜಾರಿ ಒಂದೇ ದಿಕ್ಕಿನಲ್ಲಿ ಹಿಡಿಯುತ್ತದೆ.

ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಇರುವ ಟೇಪರ್ ಗಿಬ್ ಬೇರೆ ಜಾತಿ: ಎರಡು ತುದಿಗೆ ಒಂದೊಂದೇ ಸ್ಕ್ರೂ. ಸಣ್ಣ ತುದಿಯದನ್ನು ಸಡಿಲಿಸಿ, ದಪ್ಪ ತುದಿಯದನ್ನು ಒತ್ತಿ, ಕೊನೆಗೆ ಸಣ್ಣದನ್ನು ತಾಗಿಸಿ ಬಿಗಿಯಬೇಕು. ಸಡಿಲಿಸದೆ ಎರಡನ್ನೂ ಒತ್ತಿದರೆ ಪಟ್ಟಿ ಬಿಲ್ಲಾಗುತ್ತದೆ.

ಸವೆತ ಬೆಡ್ಡಿಗೆಲ್ಲ ಸಮನಾಗಿರುವುದಿಲ್ಲ. ಹೆಚ್ಚು ಓಡಾಡಿದ ಜಾಗ ತಗ್ಗಾಗಿರುತ್ತದೆ. ಅಲ್ಲಿ ಹದಗೊಳಿಸಿದರೆ ತುದಿಯಲ್ಲಿ ಸ್ಲೈಡು ಹಿಡಿಯುತ್ತದೆ, ತುದಿಯಲ್ಲಿ ಹದಗೊಳಿಸಿದರೆ ನಡುವೆ ಅಲುಗಾಡುತ್ತದೆ. ಇದಕ್ಕೆ ಸ್ಕ್ರೂನಲ್ಲಿ ಮದ್ದಿಲ್ಲ. ಉಬ್ಬಿದ ಜಾಗಗಳನ್ನು ಕೆರೆದು ಸಮ ಮಾಡುವ ಸ್ಕ್ರೇಪಿಂಗ್ ಮಾಡಬೇಕು. ಇನ್ನು ಗ್ರೀಸ್ ಹಚ್ಚುವುದು ಕೆಟ್ಟ ಅಭ್ಯಾಸ, ಚಿಪ್ಸು ಅದರಲ್ಲಿ ಹೂತು ಮರಳುಕಾಗದದಂತೆ ಉಜ್ಜುತ್ತದೆ. ಜಾರುವ ಭಾಗಗಳಿಗೆಂದೇ ಇರುವ, VG 68 ಎಂಬ ಮಂದತೆಯ ದರ್ಜೆಯ ಸ್ಲೈಡ್‌ವೇ ಎಣ್ಣೆ ಸಾಕು.

“ಪ್ಲೇ (ಸಡಿಲಾಟ) ಇದೆ” ಎಂದವರೆಲ್ಲ ಗಿಬ್ ಬಿಗಿಯಲು ಓಡುತ್ತಾರೆ. ಸ್ಲೈಡನ್ನು ಕೈಯಲ್ಲಿ ಅಡ್ಡಕ್ಕೆ ಒತ್ತಿದಾಗ ಅದಕ್ಕೆ ತಾಗಿಸಿಟ್ಟ ಅಳತೆಯ ಡಯಲಿನ ಮುಳ್ಳು ಅಲುಗಿದರೆ ಗಿಬ್ ಸಡಿಲ. ಹ್ಯಾಂಡಲನ್ನು ಹಿಂದೆ ತಿರುಗಿಸಿದಾಗ ಸ್ವಲ್ಪ ಹೊತ್ತು ಸ್ಲೈಡು ಕದಲದಿದ್ದರೆ ಅದು ಬ್ಯಾಕ್‌ಲ್ಯಾಶ್, ದೋಷ ಸ್ಲೈಡನ್ನು ಓಡಿಸುವ ಸ್ಕ್ರೂ ಮತ್ತು ಅದರ ನಟ್ಟಿನದು. ಅದನ್ನು ಗಿಬ್ ಬಿಗಿದು ಸರಿಮಾಡಲಾಗದು.

ಟೂಲನ್ನು ಮುಂದೆ ಹಿಂದೆ ಓಡಿಸಿ ಲೋಹ ಕೆತ್ತುವ ಶೇಪರ್ ಯಂತ್ರದ ರ‍್ಯಾಮ್ ಎಂದರೆ ಟಗರು. ಟಗರಿನಂತೆ ತಲೆ ಮುಂದೆ ಮಾಡಿ ಗುದ್ದುತ್ತದೆ, ಕತ್ತರಿಸುವಾಗ ನಿಧಾನ, ಹಿಂದಿರುಗುವಾಗ ಬೇಗ. ತುದಿಯಲ್ಲಿ ಟೂಲ್ ಹಿಡಿದಿರುವ ಕ್ಲ್ಯಾಪರ್‌ಗೆ ಗಂಟೆಯ ನಾಲಿಗೆಯ ಹೆಸರು: ಹಿಂದಿರುಗುವಾಗ ಟೂಲ್ ಎದ್ದು, ಕೊನೆಗೆ ಟಪ್ಪೆಂದು ಕೂರುತ್ತದೆ. ಆ ಸದ್ದು ನಿಂತಿದೆ ಎಂದರೆ ಕ್ಲ್ಯಾಪರ್ ಜಾಮಾಗಿದೆ, ಟೂಲಿನ ಬಾಯಿ ಜಾಬನ್ನು (ಕೆತ್ತುತ್ತಿರುವ ತುಂಡನ್ನು) ಉಜ್ಜಿಕೊಂಡೇ ಹಿಂದೆ ಬರುತ್ತಿದೆ ಎಂದರ್ಥ. ಹಿಂಜ್ ಪಿನ್ ಸವೆದಿದ್ದರೆ ಮೇಲ್ಮೈಯಲ್ಲಿ ಅಲೆಯಲೆ ಗೆರೆ.

ಡ್ರಿಲ್ಲಿಂಗ್ ಮಷೀನಿನ ಕ್ವಿಲ್ ಹಕ್ಕಿಗರಿಯ ಟೊಳ್ಳು ದಂಟು. ಒಳಗೆ ಡ್ರಿಲ್ ಹಿಡಿದ ಸ್ಪಿಂಡಲ್ ತಿರುಗುತ್ತದೆ, ಹೊರಗಿನದು ಬರೀ ಮೇಲೆ ಕೆಳಗೆ ಜಾರುತ್ತದೆ.

ನಿಘಂಟು ಪೂರಾ ಕೈಕೊಡುವುದು ಹಬೆ ಎಂಜಿನ್ನಿನಲ್ಲಿ ಜಾರುತ್ತ ಸಿಲಿಂಡರಿಗೆ ಹಬೆ ಬಿಡುವ ಸ್ಲೈಡ್ ವಾಲ್ವಿನಲ್ಲಿ. ಅಲ್ಲಿನ ಲ್ಯಾಪ್ ಮಡಿಲಲ್ಲ. ಹೆಂಚಿನ ಮೇಲೆ ಹೆಂಚು ಹೊದ್ದ ಹಾಗೆ, ವಾಲ್ವು ನಟ್ಟನಡುವೆ ನಿಂತಾಗ ಅದರ ಅಂಚು ಹಬೆಯ ಕಂಡಿಯನ್ನು ದಾಟಿ ಎಷ್ಟು ಹೊದ್ದಿದೆಯೋ ಅಷ್ಟು ಲ್ಯಾಪ್. ಅದರಿಂದ ಹಬೆಯ ಬಾಗಿಲು ಬೇಗ ಮುಚ್ಚಿ, ಒಳಗೆ ಸಿಕ್ಕಿದ ಹಬೆ ಹಿಗ್ಗುತ್ತಲೇ ಪಿಸ್ಟನ್ ತಳ್ಳುತ್ತದೆ, ಕಲ್ಲಿದ್ದಲು ಉಳಿಯುತ್ತದೆ. ಪಿಸ್ಟನ್ ತುದಿ ಮುಟ್ಟಿದ ಕ್ಷಣದಲ್ಲಿ ಕಂಡಿ ಆಗಲೇ ತೆರೆದಿರುವ ಅಳತೆಗೆ ಲೀಡ್ ಎಂದು ಹೆಸರು. ಇವೆರಡೂ ಇಲ್ಲದಿದ್ದರೆ ವಾಲ್ವನ್ನು ಓಡಿಸುವ ಎಕ್ಸೆಂಟ್ರಿಕ್, ಪಿಸ್ಟನ್ ತಿರುಗಿಸುವ ಕ್ರ್ಯಾಂಕಿಗಿಂತ 90 ಡಿಗ್ರಿ ಮುಂದೆ ಕೂರಬೇಕು, ಇದ್ದರೆ ಇನ್ನಷ್ಟು ಮುಂದೆ. ಸ್ಕಾಟಿಷ್ ಎಂಜಿನಿಯರ್ ವಿಲಿಯಂ ಮರ್ಡಾಕ್ 1799ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ವಾಲ್ವಿನ ಬೆನ್ನಿಗೆ ಹಬೆಯ ಒತ್ತಡ ಪೂರಾ ಬೀಳುವುದರಿಂದ ಅದು ಪೀಠಕ್ಕೆ ಅಂಟಿ ಸವೆಯುತ್ತಿತ್ತು. ಮುಂದೆ ಅತಿ ಬಿಸಿಯ, ಒಣ ಹಬೆ ಬಂದಾಗ ಎಣ್ಣೆಯೂ ನಿಲ್ಲದಾಗಿ ರೈಲು ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವು ಅದರ ಜಾಗ ಹಿಡಿಯಿತು. ಲ್ಯಾಪ್, ಲೀಡ್ ಎಂಬ ಮಾತುಗಳು ಅದಕ್ಕೂ ಹಾಗೇ ಅಂಟಿಕೊಂಡವು.