ಕೋಣೆಗೂ ಕನ್ನಡಕ ಬಂತು

ಕೋಣೆಯನ್ನೇ ಕ್ಯಾಮೆರಾ ಮಾಡೋ ಆಟ ಇದು: ಕೋಣೆ ಕತ್ತಲು ಮಾಡಿ ಒಂದು ಕಿಂಡಿ ಬಿಟ್ಟರೆ ಹೊರಗಿನ ದೃಶ್ಯ ಎದುರು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತೆ. ಕೊನೆಗೂ ಬೀದರಿನ ಹಳೇ ಗೋಪುರ ಚೌಬಾರಾ ನನ್ನ ಗೋಡೆ ಮೇಲೆ ಬಂತು! ತಲೆಕೆಳಗಾಗಿದೆ, ಅದಿರಲಿ. ಗೋಪುರದ ಅಂಚು ಅಂಚೂ ಕಾಣುತ್ತಿದೆ.

ಕರಿ ಪ್ಲಾಸ್ಟಿಕ್, ಟೇಪ್, ಬೆಳಕು ಸೋರುವ ಸಂದು, ಕೋಣೆ ಕತ್ತಲು ಮಾಡಿದ ಆ ಕಥೆ ಬಿಡಿ. ಮುಚ್ಚಿದ ಕೋಣೆಯಲ್ಲಿ ಬೀದರಿನ ಮೇ ತಿಂಗಳು ಹೇಗಿರುತ್ತೆ ಅನ್ನೋದನ್ನೂ ಹೇಳಬೇಕಿಲ್ಲ. ನನ್ನ ತಲೆ ತಿಂದದ್ದು ಕಿಂಡಿ. ಕೋಣೆಯ ಉದ್ದ ಹತ್ತು ಅಡಿ. ಲೆಕ್ಕದ ಪ್ರಕಾರ ಎರಡೂವರೆ ಮಿಲಿಮೀಟರ್ ಕಿಂಡಿ ಇಟ್ಟರೆ ಚಿತ್ರ ಅತಿ ಚೂಪು. ಚೂಪೇನೋ ಹೌದು, ಆದರೆ ಕತ್ತಲಲ್ಲಿ ಕಾಣಬೇಕಲ್ಲ? ದೊಡ್ಡದು ಮಾಡಿದರೆ ಗೋಪುರ ಸಾರಲ್ಲಿ ನೆನೆದ ರೊಟ್ಟಿ.

ಛಾಯಾಗ್ರಾಹಕ ಅಬೆಲಾರ್ಡೊ ಮೊರೆಲ್ 1991ರಲ್ಲಿ ಅಮೆರಿಕದ ಕ್ವಿನ್ಸಿಯ ತಮ್ಮ ಮನೆಯಲ್ಲೇ ಇಂಥ ಕೋಣೆಗಳ ಫೋಟೋ ತೆಗೆಯೋಕೆ ಶುರು ಮಾಡಿದವರು. ಆಗ ಫಿಲಂಗೆ ಗಂಟೆಗಟ್ಟಲೆ ಎಕ್ಸ್‌ಪೋಶರ್ ಕೊಡುತ್ತಿದ್ದರು. ನಮ್ಮಲ್ಲಿ ಅಷ್ಟು ಹೊತ್ತು ಯಾರೂ ಬಾಗಿಲು ಬಡಿಯದೆ ಇರ್ತಾರಾ? ಮುಂದೆ ಅವರೂ ಕಿಂಡಿಗೆ ಲೆನ್ಸ್ ಹಾಕಿದರು. ಲೆನ್ಸ್ ಇದ್ದರೆ ಕಿಂಡಿ ದೊಡ್ಡದಾದರೂ ಚಿತ್ರ ಚೂಪಾಗಿರುತ್ತೆ.

ಹಾಗಾಗಿ ಕನ್ನಡಕದ ಅಂಗಡಿಗೆ ಹೋದೆ. ಪ್ಲಸ್ ಕಾಲು ನಂಬರ್ ಲೆನ್ಸಿಗೆ ಫೋಕಸ್, ಅಂದರೆ ಚಿತ್ರ ಚೂಪಾಗುವ ದೂರ, ನಾಲ್ಕು ಮೀಟರ್. ಅರ್ಧ ನಂಬರ್ ಅಂದರೆ ಎರಡು ಮೀಟರ್. ನನ್ನ ಕೋಣೆ ಮೂರು ಮೀಟರ್! ಮಧ್ಯದ ನಂಬರ್ ಅಂಗಡಿಯಲ್ಲಿ ಇಲ್ಲ. ಕಾಲು ನಂಬರೇ ಕೇಳಿದೆ. ‘ಯಾರ ಕಣ್ಣಿಗೆ?’ ಅಂತ ಕೇಳಿದರು. ‘ಕೋಣೆಗೆ’ ಅಂದೆ. ಆಮೇಲೆ ಮಾತೇ ಇಲ್ಲ. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಬೇಡ ಅಂತ ಮೂರು ಸಲ ಹೇಳಿದ್ದೆ. ಬಂದದ್ದು ಬ್ಲೂ ಕಟ್ಟೇ. ಸುಣ್ಣದ ಗೋಡೆ ಅರಿಶಿನದ ಗೋಡೆ ಆಯ್ತು. ವಾಪಸ್ ತಗೊಳ್ಳಲ್ವಂತೆ. ಸರಿ, ಬಣ್ಣ ಆಮೇಲೆ ಕಂಪ್ಯೂಟರಲ್ಲಿ ನೋಡಿಕೊಂಡರಾಯ್ತು.

ಲೆನ್ಸ್ ಬದಲಾಗಲ್ಲ, ಗೋಡೆ ಸರಿಯಲ್ಲ. ಸರಿಯೋದು ಕಿಂಡಿ ಮಾತ್ರ. ಫ್ರಿಜ್ ಬಂದ ರಟ್ಟಿನ ಡಬ್ಬಿ ಕತ್ತರಿಸಿ, ಒಳಗೆ ಕರಿ ಬಣ್ಣ ಬಳಿದು, ಬಾಲ್ಕನಿ ಬಾಗಿಲಿಗೆ ನಾಲ್ಕು ಅಡಿ ಮೂತಿ ಕಟ್ಟಿದೆ. ಕೋಣೆ ಕಡೆ ಬಾಗಿಲಷ್ಟು ಅಗಲ, ರಸ್ತೆ ಕಡೆ ಸಣ್ಣ ತುದಿ. ಲೆನ್ಸ್ ಆ ತುದಿಯಲ್ಲಿ. ಕಿಟಕಿ ಬೇಡ ಅಂದದ್ದಕ್ಕೆ ಕಾರಣ ಇದೆ. ಲೆನ್ಸಿಗೂ ಗೋಡೆಗೂ ನಡುವೆ ಸರಳು ಬಂದರೆ ಅದರ ನೆರಳು ಚಿತ್ರದ ಮೇಲೆ ಗೀಟು ಎಳೆಯುತ್ತೆ. ಕೋಣೆ, ಮೂತಿ ಸೇರಿ ಹದಿನಾಲ್ಕು ಅಡಿ, ನಾಲ್ಕು ಮೀಟರಿಗಿಂತ ಕೊಂಚ ಜಾಸ್ತಿ ಆದದ್ದು ಒಳ್ಳೇದೇ ಆಯ್ತು. ಚೌಬಾರಾ ಹತ್ತಿರ ಇದೆ, ಹತ್ತಿರದ್ದರ ಚಿತ್ರ ಫೋಕಸ್ ದೂರಕ್ಕಿಂತ ಕೊಂಚ ಹಿಂದೆ ಬೀಳುತ್ತೆ. ಲೆನ್ಸಿಗೆ ಇಪ್ಪತ್ತು ಮಿಲಿಮೀಟರ್ ತೂತಿನ ರಟ್ಟು. ಸಣ್ಣ ಕಿಂಡಿಗಿಂತ 64 ಪಟ್ಟು ದೊಡ್ಡದು. ದೂರ ಹೆಚ್ಚಿದ್ದಕ್ಕೆ ಅರ್ಧ ಕಳೆದರೂ ಸುಮಾರು 30 ಪಟ್ಟು ಬೆಳಕು!

ಈಗ 71 ಅಡಿ ಗೋಪುರ ಗೂಟಕ್ಕೆ ನೇತುಹಾಕಿದ ಟವೆಲ್ ಮೇಲೆಲ್ಲ ಬಿದ್ದಿದೆ. ಕೆಳಗೆ ಹಿತ್ತಾಳೆ ತಂಬಿಗೆ ಇಟ್ಟೆ. ಬಿದರಿ ಹೂದಾನಿ ಇಟ್ಟರೆ ಇನ್ನೂ ಮಜಾ. ಕೋಟೆ ಮಣ್ಣಿನಲ್ಲಿ ಕಪ್ಪಾದ ಭಾಗ ಚಿತ್ರವನ್ನೇ ನುಂಗುತ್ತೆ, ಬೆಳ್ಳಿ ಗೆರೆ ಮಾತ್ರ ಮಿಂಚುತ್ತೆ. ಎರವಲು ಕೊಡೋರು ಇದ್ದರೆ ಹೇಳಿ.

ಅದಕ್ಕಿಂತ ಮೊದಲು ಟೆಂಟ್. ಮೊರೆಲ್ ಟೆಂಟ್ ಮೇಲೆ ಕನ್ನಡಿ ಇರುವ ಪೆರಿಸ್ಕೋಪ್ ಇಟ್ಟು ಹೊರಗಿನ ದೃಶ್ಯವನ್ನು ನೆಲದ ಮೇಲೇ ಬೀಳಿಸುತ್ತಾರೆ. ನಮ್ಮ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ಕೋಟೆ ಗೋಡೆ ಬಿದ್ದರೆ ಹೇಗಿರುತ್ತೆ, ಅಲ್ವಾ? ಕೋಟೆಯೊಳಗೆ ಟೆಂಟ್ ಹಾಕೋಕೆ ಅನುಮತಿ ಬೇಕು, ಹೊರಗಿನ ಬಯಲಲ್ಲೇ ನೋಡ್ತೀನಿ. ಕನ್ನಡಿ ಮಾತ್ರ ಮುಂದಿನ ಮೈಗೇ ರಸ ಬಳಿದದ್ದು ಬೇಕು. ಮನೆ ಕನ್ನಡಿಯಲ್ಲಿ ಚಿತ್ರ ಎರಡೆರಡು ಬರುತ್ತೆ. ಹೈದರಾಬಾದಲ್ಲಿ ಯಾರಾದರೂ ಮಾರುತ್ತಾರಾ?